ಶನಿವಾರ, ಭಾನುವಾರ ದುಡಿದವರು ಯಾವ ಲೆಕ್ಕಕ್ಕೆ?

ಬೆಂಗಳೂರಿನ ನಾಗಸಂದ್ರದಲ್ಲಿ 2022ರ ಜೂನ್‌ನಲ್ಲಿ ಐಕಿಯಾ ಮಳಿಗೆ ಬಾಗಿಲು ತೆರೆದಾಗ, ಮೊದಲ ಶನಿವಾರವೇ ಒಳಗೆ ಹೋಗಲು ಮೂರು ತಾಸು ಕಾಯಬೇಕಾದೀತು ಎಂದು ಕಂಪನಿಯೇ ಪ್ರಕಟಿಸಬೇಕಾಯಿತು. ಪೀಠೋಪಕರಣದ ವ್ಯಾಪಾರವೇ ಹಾಗೆ. ಮಂಚವನ್ನೋ ವಾರ್ಡ್‌ರೋಬನ್ನೋ ಕೊಳ್ಳಬೇಕಾದರೆ ಮನೆಮಂದಿಯೆಲ್ಲ ಬಂದು, ಮುಟ್ಟಿ ನೋಡಿ, ಒಪ್ಪಬೇಕು. ಎಲ್ಲರಿಗೂ ಒಟ್ಟಿಗೆ ಬಿಡುವು ಸಿಗುವುದು ವಾರದ ಕೊನೆಯ ಎರಡು ದಿನ. ದೊಡ್ಡ ಮಳಿಗೆಗಳಿಗೆ ಅರೆಕಾಲಿಕ ನೌಕರರು ಬೇಕಾಗುವುದೂ ಇದೇ ಕಾರಣಕ್ಕೆ. ಪದವಿ ಓದುತ್ತಿರುವವರು, ಮಕ್ಕಳು ಶಾಲೆಗೆ ಸೇರಿದ ಮೇಲೆ ದುಡಿಮೆಗೆ ಮರಳುವ ಹೆಣ್ಣುಮಕ್ಕಳು ಇಂಥ ಕೆಲಸ ಹುಡುಕುತ್ತಾರೆ. ಹುಡುಕಲಿ, ಅದು ಒಳ್ಳೆಯದೇ.

ಈ ಕೆಲಸ ಹಗುರವಾದದ್ದು ಎಂಬ ಭಾವನೆ ಮಾತ್ರ ಸರಿಯಲ್ಲ. ‘ಈ ಸೋಫಾ ನಮ್ಮ ಅಪಾರ್ಟ್‌ಮೆಂಟ್ ಲಿಫ್ಟಲ್ಲಿ ಹಿಡಿಯುತ್ತಾ ಮೇಡಂ?’ ಎಂದು ಕೇಳಿದವರಿಗೆ ಟೇಪು ಹಿಡಿದು ಅಳತೆ ತೋರಿಸಬೇಕು. ಇದು ಪ್ಲೈವುಡ್ಡೋ ಪಾರ್ಟಿಕಲ್ ಬೋರ್ಡೋ, ನೆಲ ಒರೆಸುವಾಗ ನೀರು ತಾಗಿದರೆ ಅಂಚು ಉಬ್ಬುತ್ತದೆಯೋ, ಇಎಂಐ ಎಷ್ಟು ತಿಂಗಳೋ ಎಲ್ಲಕ್ಕೂ ಉತ್ತರ ಗೊತ್ತಿರಬೇಕು. ಮುಕ್ಕಾಲು ಗಂಟೆ ಕೇಳಿಸಿಕೊಂಡು ‘ಮನೇಲಿ ಅಳತೆ ನೋಡ್ಕೊಂಡು ಬರ್ತೀವಿ’ ಎಂದು ಹೊರಟವರನ್ನೂ ನಗುಮುಖದಿಂದಲೇ ಕಳಿಸಬೇಕು. ಕಾಯಂ ನೌಕರರಿಗೂ ಇವರಿಗೂ ಗಿರಾಕಿಯ ಕಣ್ಣಲ್ಲಿ ವ್ಯತ್ಯಾಸವಿಲ್ಲ.

ಕಾನೂನಿನ ಕಣ್ಣಲ್ಲಿ ಇದೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಪಡೆಯುವವರು ಇಎಸ್‌ಐಗೆ ಶೇ 0.75ರಷ್ಟು ವಂತಿಗೆ ಕೊಡುತ್ತಾರೆ, ಮಾಲೀಕರ ಪಾಲು ಶೇ 3.25. ಆದರೆ ಕಾಯಿಲೆ ಬಿದ್ದಾಗ ನಗದು ಭತ್ಯೆ ಸಿಗಬೇಕಾದರೆ ಆರು ತಿಂಗಳ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ತುಂಬಿರಬೇಕು. ವಾರಕ್ಕೆರಡು ದಿನ ದುಡಿಯುವವರಿಗೆ ಆರು ತಿಂಗಳಲ್ಲಿ ಆಗುವುದು 52 ದಿನ. ಒಂದು ದಿನವೂ ತಪ್ಪಿಸದೆ ಬಂದರೂ ಅಷ್ಟೇ. ಹಣ ಕಡಿತವಾಗುತ್ತದೆ, ಭತ್ಯೆ ದಕ್ಕುವುದಿಲ್ಲ. ಗ್ರಾಚ್ಯುಟಿಗೆ ವರ್ಷವೊಂದನ್ನು ಎಣಿಸಲು ಸಾಮಾನ್ಯವಾಗಿ ನೋಡುವ 240 ದಿನದ ಲೆಕ್ಕಕ್ಕೂ ಇವರ 104 ದಿನ ಸಾಲದು. ಹೆರಿಗೆ ಸೌಲಭ್ಯದ ಕಾನೂನು ಮಾತ್ರ 12 ತಿಂಗಳಲ್ಲಿ 80 ದಿನ ಸಾಕು ಎಂದಿರುವುದರಿಂದ ಅಲ್ಲಿ ಇವರು ಪಾರಾಗುತ್ತಾರೆ. ಅಂದರೆ, ಮಿತಿಯನ್ನು ಎಲ್ಲಿ ಎಳೆಯಬೇಕೆಂಬುದು ಸರ್ಕಾರದ ಕೈಯಲ್ಲೇ ಇದೆ. ಒಪ್ಪಿಕೊಂಡ ದಿನಗಳಿಗೆ ತಕ್ಕಂತೆ ಆ ಮಿತಿಯನ್ನು ಇಳಿಸುವುದು ನ್ಯಾಯ. ಹೊರೆ ಹೆಚ್ಚಿದರೆ ಅರೆಕಾಲಿಕರನ್ನೇ ತೆಗೆದುಕೊಳ್ಳುವುದಿಲ್ಲ ಎಂದು ಮಾಲೀಕರು ಹೇಳಬಹುದು. ಭಾನುವಾರದ ಜಂಗುಳಿಯನ್ನು ಇವರಿಲ್ಲದೆ ನಿಭಾಯಿಸಲಾಗದು ಎಂಬುದು ಅವರಿಗೇ ಚೆನ್ನಾಗಿ ಗೊತ್ತು.

ಇಎಸ್‌ಐ, ಗ್ರಾಚ್ಯುಟಿ ಕೇಂದ್ರದ ವಿಷಯವಾದರೂ ರಾಜ್ಯ ಸುಮ್ಮನೆ ಕೂರಬೇಕಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ನೇಮಕಾತಿ ಪತ್ರ ಕಡ್ಡಾಯ. ವಾರಕ್ಕೆ ಕನಿಷ್ಠ ಎಷ್ಟು ತಾಸು ಕೆಲಸ ಖಾತರಿ, ಪಾಳಿಪಟ್ಟಿ ಎಷ್ಟು ದಿನ ಮೊದಲೇ ಕೈಸೇರುತ್ತದೆ ಎಂಬುದೂ ಆ ಪತ್ರದಲ್ಲಿ ಇರಲೇಬೇಕೆಂದು ನಮ್ಮ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತರಬಹುದು. ಶುಕ್ರವಾರ ರಾತ್ರಿ ವಾಟ್ಸ್‌ಆ್ಯಪ್‌ನಲ್ಲಿ ‘ನಾಳೆ ಬರುವುದು ಬೇಡ’ ಎಂಬ ಸಂದೇಶ ಬಂದರೆ, ಕಾಲೇಜು ಶುಲ್ಕಕ್ಕೆಂದು ಆ ದಿನದ ಕೂಲಿಯನ್ನು ನೆಚ್ಚಿಕೊಂಡ ಹುಡುಗಿ ಯಾರನ್ನು ಕೇಳಬೇಕು?

ಇನ್ನು ಕೂರುವ ವಿಚಾರ. ಕೋಯಿಕ್ಕೋಡಿನ ಅಂಗಡಿಗಳ ಹೆಣ್ಣುಮಕ್ಕಳು ವರ್ಷಗಟ್ಟಲೆ ಹೋರಾಡಿದ ಮೇಲೆ ಕೇರಳ 2018ರಲ್ಲಿ ಈ ಹಕ್ಕನ್ನು ಕಾನೂನಿಗೆ ಸೇರಿಸಿತು. ತಮಿಳುನಾಡು 2021ರಲ್ಲಿ ಅದೇ ಹೆಜ್ಜೆ ಇಟ್ಟಿತು. ನಿಂತು ದುಡಿಯುವವರಿಗೆ ಆಸನ ಒದಗಿಸಬೇಕೆಂಬ ಮಾತು ಹೊಸ ಸುರಕ್ಷತಾ ಸಂಹಿತೆಯಲ್ಲೂ ಇದೆ. ಆದರೂ ಸೋಫಾ ವಿಭಾಗದಲ್ಲಿ ಆರೇಳು ತಾಸು ನಿಂತವರು ವಾರ್ಡ್‌ರೋಬಿನ ಮರೆಗೆ ಸರಿದು, ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಿಸಿಕೊಳ್ಳುವುದನ್ನು ಯಾವ ಭಾನುವಾರ ಹೋದರೂ ಕಾಣಬಹುದು. ಮಾರಾಟದ ಪ್ರತಿ ವಿಭಾಗದಲ್ಲೂ ನೌಕರರಿಗೆಂದೇ ಒಂದು ಸ್ಟೂಲು, ಗಿರಾಕಿ ಇಲ್ಲದಾಗ ಅದರ ಮೇಲೆ ಕೂರಲು ಅನುಮತಿ: ರಾಜ್ಯದ ನಿಯಮ ಇಷ್ಟನ್ನು ಬಿಡಿಸಿ ಬರೆಯಬೇಕು. ಕಾರ್ಮಿಕ ನಿರೀಕ್ಷಕರು ತಪಾಸಣೆಗೆ ಶನಿವಾರ, ಭಾನುವಾರಗಳಲ್ಲೇ ಹೋಗಬೇಕು.