ಹಳೆಯ ಕಣ್ಣಿಗೆ ಹೊಸ ಸುಂಕ

ಪದಾರ್ಥವೊಂದು ಹಳತಾಗುವುದು ಬೇರೆ, ಕೆಡುವುದು ಬೇರೆ. ಮೂರು ತಲೆಮಾರು ಕಂಡ ಒರಳು ಹಳೆಯದೇ ಹೊರತು ಕೆಟ್ಟದ್ದಲ್ಲ. ಸವೆದಾಗ ಉಳಿಯಿಂದ ನಾಲ್ಕು ಪೆಟ್ಟು ಹಾಕಿಸಿದರೆ ಮತ್ತೆ ರುಬ್ಬುತ್ತದೆ. ಗಣಕಯಂತ್ರದ ಈ ಕಾಲದಲ್ಲಿ ಈ ಭೇದ ಮಾಸಿಹೋಗುತ್ತಿದೆ. ಸಾಧನ ಹಳತಾಯಿತೆಂಬ ತೀರ್ಪನ್ನು ಈಗ ಕೊಡುವವನು ಅದನ್ನು ಬಳಸುವವನಲ್ಲ, ಮಾಡಿ ಮಾರಿದವನು.

ಇಪ್ಪತ್ತು ವರ್ಷಗಳ ಹಿಂದೆ ಕೊಂಡ ಯು.ಎಸ್.ಬಿ. ವೆಬ್‌ಕ್ಯಾಮೊಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರ ಮಸೂರ ಒಡೆದಿಲ್ಲ, ತಂತಿ ತುಂಡಾಗಿಲ್ಲ. ಆದರೂ ಹೊಸ ವಿಂಡೋಸ್ ಗಣಕಕ್ಕೆ ಜೋಡಿಸಿದರೆ ಎಷ್ಟೋ ವೇಳೆ ಪರದೆಯ ಮೇಲೆ ಕತ್ತಲೆ. ಕಾರಣವಿಷ್ಟೆ: ಕ್ಯಾಮೆರಾ ಕಂಡದ್ದನ್ನು ಗಣಕಕ್ಕೆ ತಿಳಿಸಲು ಡ್ರೈವರ್ ಎಂಬ ದುಭಾಷಿ ಬೇಕು. 2003ರಲ್ಲಿ ಯು.ವಿ.ಸಿ. ಎಂಬ ಸಾಮಾನ್ಯ ಕಟ್ಟಳೆ ಬರುವವರೆಗೆ ಕ್ಯಾಮೆರಾಗಳು ಹಲವು ಭಾಷೆಗಳನ್ನಾಡುತ್ತಿದ್ದವು. ಬಂದ ಮೇಲೂ ಅದು ರೂಢಿಯಾಗಲು ಕೆಲವು ವರ್ಷ ಹಿಡಿಯಿತು. ಆ ಹಳೆಯ ಭಾಷೆಗಳ ವ್ಯಾಕರಣವನ್ನು ತಯಾರಕರು ಬಹುಮಟ್ಟಿಗೆ ಗುಟ್ಟಾಗಿಯೇ ಇಟ್ಟರು. ವಿಂಡೋಸ್ ಹೊಸದಾದಾಗ ಹೊಸ ದುಭಾಷಿಯನ್ನು ಒದಗಿಸದೆ ಸುಮ್ಮನಾದರು. ಕಣ್ಣಿದೆ, ನೋಟವೂ ಇದೆ, ಮಾತು ತಿಳಿಯುವವರಿಲ್ಲ.

ಅದೇ ಕ್ಯಾಮೆರಾವನ್ನು ಲಿನಕ್ಸ್ ಗಣಕಕ್ಕೆ ಜೋಡಿಸಿದರೆ ಅನೇಕ ಸಲ ತಾನಾಗಿಯೇ ಕಣ್ತೆರೆಯುತ್ತದೆ. ಇದು ಪವಾಡವಲ್ಲ, ಪರಿಶ್ರಮದ ಫಲ. ಮಿಶೆಲ್ ಝಾರ್ ಎಂಬ ಫ್ರಾನ್ಸಿನ ವೈದ್ಯರು ಇನ್ನೂರಕ್ಕೂ ಹೆಚ್ಚು ಬಗೆಯ ವೆಬ್‌ಕ್ಯಾಮ್‌ಗಳಿಗೆ ಡ್ರೈವರ್ ಬರೆದರು. ಅವರ ಕೃತಿಯ ಪರಿಷ್ಕೃತ ರೂಪವು ‘ಜಿ.ಎಸ್.ಪಿ.ಸಿ.ಎ.’ ಎಂಬ ಹೆಸರಿನಿಂದ 2008ರಲ್ಲಿ ಲಿನಕ್ಸಿನ ತಿರುಳಾದ ಕರ್ನೆಲ್ ಅನ್ನು ಸೇರಿತು. ಯು.ವಿ.ಸಿ. ಕ್ಯಾಮೆರಾಗಳಿಗಾಗಿ ಲೋರಾನ್ ಪ್ಯಾಂಶಾರ್ ಬರೆದ ಡ್ರೈವರ್ ಕೂಡ ಅದೇ ವರ್ಷ ಅಲ್ಲಿಗೆ ಬಂದಿತು. ಒಬ್ಬರು ಬಿಡಿಸಿದ ಗಂಟನ್ನು ಇನ್ನೊಬ್ಬರು ಮತ್ತೆ ಬಿಡಿಸಬೇಕಾಗಿಲ್ಲವೆಂಬುದೇ ತೆರೆದ ವಿದ್ಯೆಯ ಹಿರಿಮೆ.

ಕೆಲಸದ ಕ್ರಮವೂ ನಿಗೂಢವಾದುದಲ್ಲ. ಕ್ಯಾಮೆರಾವನ್ನು ಚುಚ್ಚಿ, ಟರ್ಮಿನಲ್‌ನಲ್ಲಿ ‘ಎಲ್‌ಎಸ್‌ಯುಎಸ್‌ಬಿ’ ಎಂಬ ಆಜ್ಞೆಯನ್ನು ಕೊಟ್ಟರೆ ಅದರ ಗುರುತಿನ ಸಂಖ್ಯೆಗಳೆರಡು ತೋರುತ್ತವೆ: ಒಂದು ತಯಾರಕನದು, ಇನ್ನೊಂದು ಮಾದರಿಯದು. ಡ್ರೈವರುಗಳ ಪಟ್ಟಿಯಲ್ಲಿ ಆ ಜೋಡಿ ಇದ್ದರೆ ‘ಡೆವ್’ ಎಂಬ ಕಡತಕೋಶದಲ್ಲಿ ‘ವಿಡಿಯೋ0’ ಎಂಬ ಹೆಸರು ಮೂಡುತ್ತದೆ. ಹೆಸರು ಮೂಡಿಯೂ ಚಿತ್ರ ಬಾರದಿದ್ದರೆ ನಡುವಣ ಹಬ್ಬನ್ನು ತೆಗೆದು ನೇರವಾಗಿ ಗಣಕಕ್ಕೇ ಚುಚ್ಚಿ ನೋಡಬೇಕು. ಬಳಸುವವನಿಗೆ ಕ್ಯಾಮೆರಾದ ಅನುಮತಿ ಇದೆಯೇ ಎಂದು ವಿಚಾರಿಸಬೇಕು. ಲಿನಕ್ಸಿನವರೂ ಹಳೆಯದನ್ನು ಕೈಬಿಡುವುದುಂಟು. ವಿಡಿಯೋದ ಹಳೆಯ ಏರ್ಪಾಡೊಂದನ್ನು 2011ರಲ್ಲಿ ಕರ್ನೆಲ್‌ನಿಂದ ತೆಗೆದುಹಾಕಿದರು. ಆದರೆ ಅದಕ್ಕೆ ಮೊದಲೇ ಹಾನ್ಸ್ ಡಿ ಗೂಡ ಎಂಬುವರು ಹಳೆಯ ತಂತ್ರಾಂಶಗಳಿಗಾಗಿ ‘ಲಿಬ್‌ವಿ4ಎಲ್’ ಎಂಬ ಸೇತುವೆಯನ್ನು ಕಟ್ಟಿಕೊಟ್ಟಿದ್ದರು. ದಾರಿ ಬದಲಿಸುವುದು ತಪ್ಪಲ್ಲ. ಸೇತುವೆಯಿಲ್ಲದೆ ಬದಲಿಸುವುದು ತಪ್ಪು.

ಈ ಮಾತನ್ನು ಬೆಂಗಳೂರಿನ ಪಡುವಣ ಭಾಗದ ಸುಂಕದಕಟ್ಟೆಯವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಮಾಗಡಿ ರಸ್ತೆಯ ಆ ಆಸುಪಾಸಿನಲ್ಲಿ, ಕಾಮಾಕ್ಷಿಪಾಳ್ಯದಿಂದ ಪೀಣ್ಯದವರೆಗೆ, ಲೇತು ತಿರುಗಿಸಿ ಬದುಕುವ ಸಣ್ಣ ಕಾರ್ಖಾನೆಗಳು ಹಲವು. ಮೂರನೆಯ ಕೈಯಿಂದ ಕೊಂಡ ಲೇತಾದರೂ ಅದರ ಗಿಯರು, ಬೆಲ್ಟು, ತಿರುಪುಗಳು ಕಣ್ಣಿಗೆ ಕಾಣುತ್ತವೆ; ಸವೆದ ಭಾಗವನ್ನು ಅಳೆದು ಪಕ್ಕದ ಅಂಗಡಿಯಲ್ಲಿಯೇ ಮಾಡಿಸಿಕೊಳ್ಳಬಹುದು. ಮಾಡಿದವನ ಅಪ್ಪಣೆಗೆ ಯಾರೂ ಕಾಯುವುದಿಲ್ಲ. ವೆಬ್‌ಕ್ಯಾಮ್‌ನ ಒಳಗುಟ್ಟು ಮಾತ್ರ ಅಳತೆಗೋಲಿಗೆ ಸಿಗದು. ಊರಿನ ಹೆಸರಿನಲ್ಲೇ ಸುಂಕವಿದೆ. ಸುಂಕವೆಂಬುದು ಕಟ್ಟೆಯನ್ನು ದಾಟುವಾಗ ಒಮ್ಮೆ ತೆರುವಂಥದು. ಒಮ್ಮೆ ಬೆಲೆ ತೆತ್ತು ಕೊಂಡ ವಸ್ತುವನ್ನು ಬಳಸುವುದಕ್ಕಾಗಿಯೇ ಮತ್ತೊಂದನ್ನು ಕೊಳ್ಳಬೇಕೆಂದರೆ ಅದು ಯಾವ ನ್ಯಾಯ? ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಆಗಿದೆ ಗ್ರಾಹಕನ ಪಾಡು.

ಇಲ್ಲಿ ಎರಡು ಆಕ್ಷೇಪಗಳು ಏಳಬಹುದು. ಹಳೆಯ ಕ್ಯಾಮೆರಾದ ಚಿತ್ರ ಮಸುಕು ಎಂಬುದು ಒಂದು. ನಿಜ, ಅಡ್ಡಕ್ಕೆ 640, ಉದ್ದಕ್ಕೆ 480 ಚುಕ್ಕೆಗಳಷ್ಟೇ ಅವುಗಳಲ್ಲಿ ಹಲವಕ್ಕೆ ಇದ್ದ ಬಂಡವಾಳ. ಆದರೆ ದೂರದ ಊರಿನ ಮೊಮ್ಮಗಳ ಮುಖ ನೋಡಲು ಅಜ್ಜಿಗೆ ಅಷ್ಟು ಸಾಕು. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಅಷ್ಟೂ ಇಲ್ಲದ ಮನೆಗಳೆಷ್ಟೋ ಇದ್ದವು. ತಯಾರಕನು ಎಂದೆಂದಿಗೂ ಸೇವೆ ಮಾಡಬೇಕೆ ಎಂಬುದು ಎರಡನೆಯದು. ಬೇಡ, ಆದರೆ ಅಂಗಡಿ ಮುಚ್ಚಿ ಹೋಗುವವನು ಬೀಗದ ಕೈಯನ್ನಾದರೂ ಬಿಟ್ಟುಹೋಗಲಿ. ಬೆಂಬಲ ನಿಲ್ಲಿಸಿದ ದಿನವೇ ಸಾಧನದ ತಾಂತ್ರಿಕ ವಿವರಗಳನ್ನು ಪ್ರಕಟಿಸಬೇಕೆಂಬ ನಿಯಮ ಬಂದರೆ ಉಳಿದುದನ್ನು ಬಲ್ಲವರು ನೋಡಿಕೊಳ್ಳುತ್ತಾರೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯದ ನಿಯಮಗಳು ಕಸದ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಒಳ್ಳೆಯದೇ. ಆದರೆ ವಸ್ತು ಕಸವಾದ ಮೇಲಿನ ಹೊಣೆಗಿಂತ ಕಸವಾಗದಂತೆ ತಡೆಯುವ ಹೊಣೆ ದೊಡ್ಡದು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತ ಮೇಲೆ, ಮುಂದಿನ ಆವೃತ್ತಿಯನ್ನು ಹೊರಲಾರದ ಗಣಕಗಳೂ ಇದೇ ಸರದಿಯಲ್ಲಿ ನಿಂತಿವೆಯಾದ್ದರಿಂದ ಇದು ಒಂದು ಕ್ಯಾಮೆರಾದ ಪ್ರಶ್ನೆಯಾಗಿ ಉಳಿದಿಲ್ಲ.

ನಮ್ಮ ಪಾಲಿನ ಕರ್ತವ್ಯವೂ ಒಂದುಂಟು. ಬೆಂಗಳೂರಿನ ಗುರಪ್ಪನಪಾಳ್ಯದ ಕೊಳಗೇರಿಯ ಮಕ್ಕಳು ಅಂಬೇಡ್ಕರ್ ಸಮುದಾಯ ಗಣಕ ಕೇಂದ್ರದಲ್ಲಿ ಸ್ವತಂತ್ರ ತಂತ್ರಾಂಶದ ಮೂಲಕವೇ ಗಣಕವನ್ನು ಕಲಿತರು; ಹೇಳಿಕೊಡುವವರಿದ್ದರೆ ಈ ವಿದ್ಯೆ ಯಾರಿಗೂ ಎಟುಕದ್ದಲ್ಲ. ಆದರೆ ಹಳೆಯ ಸಾಧನಗಳಿಗೆ ಜೀವ ಕೊಡುವ ವಿವರಗಳು ಇಂದಿಗೂ ಹೆಚ್ಚಾಗಿ ಇಂಗ್ಲಿಷಿನಲ್ಲಿಯೇ ಇವೆ. ತಯಾರಕನು ಬಚ್ಚಿಟ್ಟ ವಿದ್ಯೆಯನ್ನು ಪರದೇಶದ ವೈದ್ಯರೊಬ್ಬರು ಲೋಕಕ್ಕೆ ತೆರೆದಿಟ್ಟರು. ಅದನ್ನು ಕನ್ನಡದಲ್ಲಿ ಬರೆದಿಡದೆ ನಾವೇ ಮತ್ತೊಂದು ಕಟ್ಟೆ ಕಟ್ಟಿ ಕುಳಿತರೆ, ಸುಂಕದವನನ್ನು ದೂರುವ ಅಧಿಕಾರ ನಮಗೆಲ್ಲಿಯದು?