ನಾಡಿಯ ನಡೆಯೂ ವಂಶದ ಬೀಜವೂ

ಮನೆತನದ ಹಿರಿಯರೊಬ್ಬರಿಗೆ ಹೃದಯದ ಬೇನೆಯಿತ್ತೆಂದು ತಿಳಿದೊಡನೆ ಎರಡು ಬಗೆಯ ಮಾತುಗಳು ಹುಟ್ಟುವುವು. "ತಂದೆಗಿದ್ದುದು ಮಗನಿಗೆ ತಪ್ಪೀತೆ?" ಎಂದು ನಿಡುಸುಯ್ದು ಕೈಚೆಲ್ಲಿ ಕುಳಿತುಕೊಳ್ಳುವವರು ಕೆಲವರು, ಸಂಬಂಧ ನೋಡುವಾಗ ಆ ಮನೆಯ ಹೊಸ್ತಿಲನ್ನೇ ತುಳಿಯದೆ ಮುಂದೆ ಹೋಗುವವರು ಮತ್ತೆ ಕೆಲವರು. ಇಬ್ಬರ ನಂಬಿಕೆಯೂ ಒಂದೇ: ವಂಶದಲ್ಲಿ ಬೀಜವೊಂದಿದ್ದರೆ ಅದರ ಫಲವು ತಪ್ಪದು ಎಂಬುದು. ಈ ನಂಬಿಕೆಯು ಎಷ್ಟರಮಟ್ಟಿಗೆ ನಿಜವೆಂಬುದನ್ನು ನಮ್ಮ ವಾಚಕರೊಡನೆ ಈ ತಿಂಗಳು ವಿಚಾರಿಸಬೇಕೆಂದಿರುವೆವು.

ಆರೋಗ್ಯವಂತನ ಹೃದಯವು ವಿಶ್ರಾಂತಿಯಲ್ಲಿರುವಾಗ ನಿಮಿಷಕ್ಕೆ 60ರಿಂದ 100 ಸಲ ಬಡಿಯುವುದು. ದಿನವೊಂದಕ್ಕೆ ಸುಮಾರು ಒಂದು ಲಕ್ಷ ಬಡಿತಗಳಾದುವು. ಹೃದಯದ ಮೇಲುಗಡೆಯ ಎರಡು ಕೋಣೆಗಳಿಗೆ ಹೃತ್ಕರ್ಣಗಳೆಂದು ಹೆಸರು. ಬಲಗಡೆಯ ಹೃತ್ಕರ್ಣದ ಗೋಡೆಯಲ್ಲಿ ವಿದ್ಯುತ್ಪ್ರೇರಣೆಯೊಂದು ಹುಟ್ಟಿ, ಕ್ರಮವಾಗಿ ಕೆಳಗಿನ ಕೋಣೆಗಳಿಗೆ ಹರಡುವುದರಿಂದಲೇ ತಾಳವು ತಪ್ಪದಿರುವುದು. ಈ ಪ್ರೇರಣೆಯು ಅಡ್ಡಾದಿಡ್ಡಿಯಾಗಿ ಹರಿದು, ಹೃತ್ಕರ್ಣಗಳು ನೆಟ್ಟಗೆ ಕುಗ್ಗದೆ ಬರಿದೇ ಅದುರುತ್ತಿರುವ ವ್ಯಾಧಿಯನ್ನು ವೈದ್ಯರು ಏಟ್ರಿಯಲ್ ಫಿಬ್ರಿಲೇಷನ್ ಎನ್ನುವರು. ನಾವಿಲ್ಲಿ ಅದನ್ನು ಹೃತ್ಕರ್ಣಕಂಪವೆಂದು ಕರೆಯೋಣ.

ಇದರ ಕೇಡು ಎದೆ ಡವಗುಟ್ಟುವಷ್ಟರಲ್ಲಿಯೇ ಮುಗಿಯದು. ಅದುರುವ ಕೋಣೆಯಲ್ಲಿ ರಕ್ತವು ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪು ಮೆದುಳಿಗೆ ಸಾಗಿದರೆ ಪಾರ್ಶ್ವವಾಯು ಬಡಿಯುವುದು. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಎಂಬ ಊರಿನ ನಿವಾಸಿಗಳನ್ನು ಬಹುಕಾಲ ಪರೀಕ್ಷಿಸಿದ ವೈದ್ಯರು, ಈ ವ್ಯಾಧಿಯುಳ್ಳವರಿಗೆ ಪಾರ್ಶ್ವವಾಯುವಿನ ಅಪಾಯವು ಸುಮಾರು ಐದು ಪಟ್ಟು ಹೆಚ್ಚೆಂದು 1991ರಲ್ಲಿ ಪ್ರಕಟಿಸಿದರು. ತಂದೆತಾಯಿಗಳಲ್ಲೊಬ್ಬರಿಗೆ ಈ ವ್ಯಾಧಿಯಿದ್ದರೆ ಮಕ್ಕಳಿಗೆ ಅದು ಬರುವ ಸಂಭವವು ಇಮ್ಮಡಿಗೆ ಸಮೀಪವೆಂಬುದೂ ಅದೇ ಊರಿನ ಪರೀಕ್ಷೆಯಿಂದ 2004ರಲ್ಲಿ ತಿಳಿದುಬಂದಿತು. ಆದುದರಿಂದ ವಂಶದ ಮಾತು ಕೇವಲ ಭ್ರಾಂತಿಯೆನ್ನುವಂತಿಲ್ಲ. ಆದರೆ ವಂಶವು ಕೆಲಸಮಾಡುವ ಬಗೆ ಮಾತ್ರ ನಾವು ಎಣಿಸಿದಂತಿಲ್ಲ.

ತಂದೆತಾಯಿಗಳಿಂದ ಬರುವ ಗುಣಗಳನ್ನು ಹೊತ್ತು ತರುವ ಸೂಕ್ಷ್ಮ ಅಂಶಗಳಿಗೆ ವಂಶವಾಹಿಗಳೆಂದು ಹೆಸರು. ಪ್ರತಿಯೊಂದು ವಂಶವಾಹಿಯೂ ಸಾಮಾನ್ಯವಾಗಿ ನಮ್ಮಲ್ಲಿ ಎರಡು ಪ್ರತಿಗಳಾಗಿರುವುದು: ತಂದೆಯದೊಂದು, ತಾಯಿಯದೊಂದು. ಕೈಯ ಮೂಳೆಗಳಲ್ಲಿಯೂ ಹೃದಯದಲ್ಲಿಯೂ ಒಟ್ಟಿಗೇ ದೋಷವು ಕಾಣಿಸಿಕೊಂಡ ಒಂದು ಮನೆತನವನ್ನು ಹೋಲ್ಟ್ ಮತ್ತು ಓರಮ್ ಎಂಬ ಆಂಗ್ಲ ವೈದ್ಯರು 1960ರಲ್ಲಿ ವರ್ಣಿಸಿದ್ದರು. ಆ ಬಗೆಯ ದೋಷಕ್ಕೆ ಟಿಬಿಎಕ್ಸ್-5 ಎಂಬ ವಂಶವಾಹಿಯ ಕೊರತೆಯು ಕಾರಣವೆಂದು 1997ರಲ್ಲಿ ಗೊತ್ತಾಯಿತು. 2007ರಲ್ಲಿ ಐಸ್‌ಲೆಂಡ್ ದೇಶದ ಶೋಧಕರು ಬೇರೊಂದು ದಾರಿಯಿಂದ ಹೊರಟು, ಪಿಟ್‌ಎಕ್ಸ್-2 ಎಂಬ ವಂಶವಾಹಿಯ ನೆರೆಯಲ್ಲಿನ ವ್ಯತ್ಯಾಸಗಳಿಗೂ ಹೃತ್ಕರ್ಣಕಂಪಕ್ಕೂ ನಂಟಿರುವುದನ್ನು ಕಂಡುಕೊಂಡರು. ಇಲಿಗಳಲ್ಲಿ ಪಿಟ್‌ಎಕ್ಸ್-2ರ ಒಂದು ಪ್ರತಿಯನ್ನು ಕಳೆದರೆ ಹೃತ್ಕರ್ಣಕಂಪಕ್ಕೆ ಎಡೆಯಾಗುವುದೆಂದು 2010ರಲ್ಲಿ ಸಿದ್ಧಪಟ್ಟಿತು.

ಈ ಎರಡು ಎಳೆಗಳೂ ಒಂದೇ ಗಂಟಿನಲ್ಲಿ ಕೂಡುವುದನ್ನು 2016ರಲ್ಲಿ ಶಿಕಾಗೋ ವಿಶ್ವವಿದ್ಯಾನಿಲಯದ ಶೋಧಕರು ತೋರಿಸಿದರು. ಬೆಳೆದ ಇಲಿಗಳಲ್ಲಿ ಟಿಬಿಎಕ್ಸ್-5ನ್ನು ತೆಗೆದುಹಾಕಿದಾಗ ಅವಕ್ಕೆ ತಾನಾಗಿಯೇ ಹೃತ್ಕರ್ಣಕಂಪವು ಉಂಟಾಯಿತು. ಹೃದಯದ ತಾಳಕ್ಕೆ ಬೇಕಾದ ಹಲವು ವಂಶವಾಹಿಗಳನ್ನು ಟಿಬಿಎಕ್ಸ್-5 ಕೆಲಸಕ್ಕೆ ಹಚ್ಚುವುದು; ಪಿಟ್‌ಎಕ್ಸ್-2 ಅವುಗಳನ್ನೇ ಹಿಡಿದು ನಿಲ್ಲಿಸುವುದು. ವಿಶೇಷವೇನೆಂದರೆ, ಹೀಗೆ ತಡೆಯುವ ಪಿಟ್‌ಎಕ್ಸ್-2ನ್ನು ಎಬ್ಬಿಸುವುದೂ ಟಿಬಿಎಕ್ಸ್-5ರ ಕೆಲಸವೇ! ವ್ಯಾಕರಣವನ್ನು ಓದಿದವರಿಗೆ ಈ ಏರ್ಪಾಡು ತೀರ ಹೊಸದಾಗಿ ತೋರದು. ಉತ್ಸರ್ಗವೆಂಬ ಸಾಮಾನ್ಯ ವಿಧಿಯು ಎಲ್ಲೆಡೆಯೂ ಹರಡಹೊರಟಾಗ ಅಪವಾದವೆಂಬ ವಿಶೇಷ ವಿಧಿಯು ಅದನ್ನು ತಕ್ಕ ಎಡೆಯಲ್ಲಿ ತಡೆಯುವುದು. ಎರಡೂ ಇದ್ದರೆ ತಾನೆ ಶಬ್ದದ ಶುದ್ಧರೂಪವು ಸಿದ್ಧಿಸುವುದು?

ಇನ್ನು ಮುಖ್ಯವಾದ ಮಾತು. ಟಿಬಿಎಕ್ಸ್-5ರ ಒಂದು ಪ್ರತಿಯನ್ನು ಮಾತ್ರ ಕಳೆದ ಇಲಿಗಳ ಹೃದಯವೂ ಹೃತ್ಕರ್ಣಕಂಪಕ್ಕೆ ಸುಲಭವಾಗಿ ಈಡಾಯಿತು. ಅಂಥ ಇಲಿಗಳಲ್ಲಿಯೇ ಪಿಟ್‌ಎಕ್ಸ್-2ರ ಒಂದು ಪ್ರತಿಯೂ ಇಲ್ಲದಂತೆ ಮಾಡಿದಾಗ ತಾಳವು ಮತ್ತೆ ಸರಿಹೋಯಿತು. ತಕ್ಕಡಿಯ ಒಂದು ತಟ್ಟೆಯಿಂದ ಅರ್ಧ ತೆಗೆದರೆ ಮುಳ್ಳು ವಾಲುವುದು; ಇನ್ನೊಂದರಿಂದಲೂ ಅರ್ಧ ತೆಗೆದರೆ ನೆಟ್ಟಗೆ ನಿಲ್ಲುವುದು. ಬೇರೆಬೇರೆಯಾಗಿ ಕೇಡು ಮಾಡುವ ಎರಡು ಕೊರತೆಗಳು ಕೂಡಿದಾಗ ಒಂದನ್ನೊಂದು ತೂಗಿಸಿದುವು.

ಇದು ಇಲಿಗಳಲ್ಲಿ ಕಂಡ ಸಂಗತಿ. ಮನುಷ್ಯನಿಗೆ ಇದನ್ನು ಹಾಗೆಯೇ ಅಂಟಿಸಲಾಗದು. ಮನುಷ್ಯರಲ್ಲಿ ಈ ವ್ಯಾಧಿಯೊಡನೆ ನಂಟುಳ್ಳ ಎಡೆಗಳು 2018ರ ಹೊತ್ತಿಗೆ ನೂರರಷ್ಟು ಗೊತ್ತಾಗಿದ್ದುವು. ಇವುಗಳ ಮೇಲೆ ವಯಸ್ಸು, ರಕ್ತದೊತ್ತಡ, ಮೈಬೊಜ್ಜು, ಮದ್ಯಪಾನ ಮುಂತಾದುವೂ ಸೇರಿಕೊಳ್ಳುವುವು. ಹೀಗಿರುವಲ್ಲಿ ಒಂದೇ ಬೀಜವನ್ನು ಎತ್ತಿ ಹಿಡಿದು, ಈ ಹುಡುಗನ ಹಣೆಯಲ್ಲಿ ಇಂಥದೇ ಬರೆದಿದೆಯೆನ್ನುವುದು, ಒಂದೇ ಅಕ್ಷರವನ್ನು ಓದಿ ಗ್ರಂಥದ ತಾತ್ಪರ್ಯವನ್ನು ಹೇಳಿದಂತೆಯೇ ಸರಿ. ಒಬ್ಬ ಹಿರಿಯರ ಬೇನೆಯನ್ನು ಮುಂದಿಟ್ಟುಕೊಂಡು ಮನೆತನವೊಂದರ ಹೆಣ್ಣುಮಗಳನ್ನು ಬೇಡವೆನ್ನುವುದು ಅವಿಚಾರವಷ್ಟೇ ಅಲ್ಲ, ಅನ್ಯಾಯವೂ ಹೌದು.

ಆದರೆ ಎಚ್ಚರವನ್ನು ಬಿಡಲಾಗದು. ನಾಡಿಯ ನಡೆಯನ್ನು ಗಮನಿಸುವುದು ನಮ್ಮ ದೇಶಕ್ಕೆ ಹೊಸತೇನೂ ಅಲ್ಲ. ಶಾರ್ಙ್ಗಧರ ಸಂಹಿತೆಯಲ್ಲಿ ನಾಡಿಯ ಗತಿಗಳನ್ನು ಹಾವು, ಕಪ್ಪೆ, ಹಂಸಗಳ ನಡೆಗೆ ಹೋಲಿಸಿರುವರು. ಅರುವತ್ತು ದಾಟಿದವರೂ, ಮನೆತನದಲ್ಲಿ ಈ ವ್ಯಾಧಿಯುಳ್ಳವರೂ ಆಗಾಗ ಸ್ವಸ್ಥರಾಗಿ ಕುಳಿತು, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಇನ್ನೊಂದು ಕೈಯ ತೋರುಬೆರಳು ನಡುಬೆರಳುಗಳನ್ನಿಟ್ಟು, ಒಂದು ಪೂರ್ತಿ ನಿಮಿಷ ಎಣಿಸಬೇಕು. ಬಡಿತವು ಹೊತ್ತುಗೊತ್ತಿಲ್ಲದೆ ಎಡವುತ್ತಿದ್ದರೆ ವೈದ್ಯರಲ್ಲಿಗೆ ಹೋಗಿ ಇ.ಸಿ.ಜಿ. ತೆಗೆಯಿಸತಕ್ಕದ್ದು. ವ್ಯಾಧಿಯು ಬಂದು ಹೋಗುವ ಸ್ವಭಾವದ್ದಾದರೆ ಒಂದು ಸಲದ ಪರೀಕ್ಷೆಗೆ ಸಿಕ್ಕದೆಯೂ ಇರಬಹುದು. ಆಗ ವೈದ್ಯರು ಹೇಳಿದಂತೆ ಮತ್ತೆ ನೋಡಿಸಬೇಕು. ರಕ್ತವು ಹೆಪ್ಪುಗಟ್ಟದಂತೆ ತಡೆಯುವ ಔಷಧಗಳಿಂದ ಪಾರ್ಶ್ವವಾಯುವಿನ ಅಪಾಯವು ಬಹುಮಟ್ಟಿಗೆ ತಗ್ಗುವುದು. ಆದರೆ ಅವುಗಳಿಂದ ರಕ್ತಸ್ರಾವದ ಭಯವೂ ಉಂಟಾದುದರಿಂದ, ವೈದ್ಯರ ಅಪ್ಪಣೆಯಿಲ್ಲದೆ ಅವನ್ನು ತೆಗೆದುಕೊಳ್ಳಲೂ ಬಾರದು, ನಡುವೆ ಬಿಡಲೂ ಬಾರದು.

ವಂಶವನ್ನು ಆರಿಸಿಕೊಂಡು ಹುಟ್ಟಿದವರು ಯಾರೂ ಇಲ್ಲ. ನಾಡಿಯನ್ನು ಎಣಿಸುವುದಕ್ಕಾದರೋ ಒಂದು ನಿಮಿಷವೂ ಒಂದು ಗಡಿಯಾರವೂ ಇದ್ದರೆ ಸಾಕು.