ಕಿತ್ತೂರಿನ ಡಿಸೆಂಬರ್ ಎಲ್ಲಿ ಹೋಯಿತು?

ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಕಿತ್ತೂರು ಕೋಟೆಯ ಮುಂದೆ ಹತನಾದದ್ದು 1824ರ ಅಕ್ಟೋಬರ್ 23ರಂದು. ಅಂದಿನಿಂದ ಅವನಿಗೆ ಸಾಯುವ ಕೆಲಸ ತಪ್ಪಿಲ್ಲ. ಲಾವಣಿಯಲ್ಲಿ ಸತ್ತ, ನಾಟಕದಲ್ಲಿ ಸತ್ತ, 1961ರಲ್ಲಿ ಬಿ.ಆರ್. ಪಂತುಲು ಅವರ ಸಿನಿಮಾದಲ್ಲಿ ಸತ್ತ. ಈಗ ವರ್ಷಕ್ಕೊಮ್ಮೆ ಮೂರು ದಿನ ನಡೆಯುವ ಕಿತ್ತೂರು ಉತ್ಸವದ ಹೊತ್ತಿಗೆ ವೇದಿಕೆಯ ರೂಪಕಗಳಲ್ಲಿ, ಮೆರವಣಿಗೆಯ ಸ್ತಬ್ಧಚಿತ್ರಗಳಲ್ಲಿ, ಶಾಲೆಗಳ ಅಂಗಳದಲ್ಲಿ ಮತ್ತೆ ಮತ್ತೆ ಬೀಳುತ್ತಾನೆ. ಚನ್ನಮ್ಮ, ರಾಯಣ್ಣ, ಅಮಟೂರು ಬಾಳಪ್ಪನ ಪಾತ್ರಗಳಿಗೆ ಮಕ್ಕಳಲ್ಲಿ ಪೈಪೋಟಿ ಇರುತ್ತದೆ; ಟೋಪಿ ಹಾಕಿಕೊಂಡು ಥ್ಯಾಕರೆಯಾಗಿ ನಿಲ್ಲಲು ಯಾವನಾದರೊಬ್ಬ ಹುಡುಗನನ್ನು ಒಪ್ಪಿಸುವುದೇ ಮಾಸ್ತರರಿಗೆ ಕಷ್ಟ.

ಈ ಸಡಗರದ ಬಗ್ಗೆ ತಕರಾರು ಎತ್ತಬೇಕಾಗಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ಕಲೆಕ್ಟರನೇ ಕಾಳಗದಲ್ಲಿ ಸತ್ತು, ಕ್ಯಾಪ್ಟನ್ ಬ್ಲ್ಯಾಕ್‌ನಂಥ ಅಧಿಕಾರಿಗಳು ಅವನ ಜೊತೆಗೇ ನೆಲಕ್ಕುರುಳಿ, ಎಲಿಯಟ್ ಮತ್ತು ಸ್ಟೀವನ್‌ಸನ್ ಎಂಬ ಇಬ್ಬರು ಸೆರೆ ಸಿಕ್ಕ ದಿನ ಅದು. ಒಂದು ಸಣ್ಣ ಸಂಸ್ಥಾನಕ್ಕೆ ಅಷ್ಟು ದೊಡ್ಡ ಗೆಲುವು ದಕ್ಕಿದ್ದನ್ನು ಊರು ಕುಣಿದು ನೆನೆಯುತ್ತದೆಂದರೆ ಸರಿಯೇ. ತಕರಾರಿರುವುದು ಕ್ಯಾಲೆಂಡರಿನ ಬಗ್ಗೆ. ಆ ಗೆಲುವಾಗಿ ಆರು ವಾರ ಕಳೆದದ್ದೇ ತಡ, ಡಿಸೆಂಬರ್ ಮೊದಲ ವಾರದಲ್ಲಿ ಅದೇ ಕೋಟೆ ಕಂಪನಿಯ ತೋಪುಗಳೆದುರು ಬಿತ್ತು. ಚನ್ನಮ್ಮ ಬೈಲಹೊಂಗಲದ ಸೆರೆಗೆ ಹೋದಳು; 1829ರ ಫೆಬ್ರವರಿಯಲ್ಲಿ ಅಲ್ಲೇ ತೀರಿಕೊಂಡಳು. ಕಿತ್ತೂರಿನ ಇತಿಹಾಸವನ್ನು ಬದಲಿಸಿದ್ದು ಅಕ್ಟೋಬರ್ ಅಲ್ಲ, ಡಿಸೆಂಬರ್. ಆದರೆ ಸರ್ಕಾರದ ಉತ್ಸವ, ವಿಜಯಜ್ಯೋತಿ, ಅನುದಾನ, ಮಂತ್ರಿಗಳ ಭೇಟಿ ಎಲ್ಲವೂ ಅಕ್ಟೋಬರ್‌ಗೆ ಮೀಸಲು.

ಇದು ಕಿತ್ತೂರಿನವರ ತಪ್ಪಲ್ಲ. ಯುದ್ಧವನ್ನು ಮರಳಿ ಆಡಿ ತೋರಿಸುವ ಕಲೆಯ ಸ್ವಭಾವವೇ ಅಂಥದ್ದು. ಅದಕ್ಕೆ ಎರಡು ಪಕ್ಷ ಬೇಕು, ಒಂದು ಬಯಲು ಬೇಕು, ಒಂದು ಗಂಟೆಯೊಳಗೆ ಮುಗಿಯುವ ಕಥೆ ಬೇಕು. ಕಾರಣಗಳು ಕಚೇರಿಯ ಕಡತಗಳಲ್ಲಿರುತ್ತವೆ, ಪರಿಣಾಮಗಳು ಹತ್ತಾರು ವರ್ಷ ಹಳ್ಳಿಗಳಲ್ಲಿ ಹರಡಿಕೊಂಡಿರುತ್ತವೆ. ಇವೆರಡನ್ನೂ ಕುದುರೆ ಮೇಲೆ ಕೂರಿಸಿ ತೋರಿಸಲು ಬರುವುದಿಲ್ಲ. ಹಾಗಾಗಿ ಕಥೆಯ ಮೊದಲ ತುದಿಯಲ್ಲಿ ಸೆಪ್ಟೆಂಬರ್ ಕಳಚುತ್ತದೆ, ಕೊನೆಯ ತುದಿಯಲ್ಲಿ ಡಿಸೆಂಬರ್.

ಸೆಪ್ಟೆಂಬರ್‌ನಲ್ಲಿ ಏನಾಗಿತ್ತು? ದೇಸಾಯಿ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಸಾಯುವ ಮುನ್ನ ಮಾಸ್ತಮರಡಿಯ ಹುಡುಗನೊಬ್ಬನನ್ನು ದತ್ತು ತೆಗೆದುಕೊಂಡಿದ್ದ. ಆ ದತ್ತಕವನ್ನು ಥ್ಯಾಕರೆ ಒಪ್ಪಲಿಲ್ಲ. ಖಜಾನೆಗೆ ಮುದ್ರೆ ಒತ್ತಿಸಿ ತನ್ನ ಕಾವಲು ಇಟ್ಟ. ಡಾಲ್‌ಹೌಸಿ ಭಾರತಕ್ಕೆ ಕಾಲಿಡಲು ಇನ್ನೂ 24 ವರ್ಷ ಇರುವಾಗಲೇ ಕಿತ್ತೂರಿನಲ್ಲಿ ದತ್ತು ಮಕ್ಕಳ ಹಕ್ಕಿನ ಪ್ರಶ್ನೆ ಎದ್ದಿತ್ತು. ವೇದಿಕೆಯಲ್ಲಿ ಮಾತ್ರ ಈ ಎಲ್ಲ ಕಾನೂನಿನ ಜಗಳ ಒಂದೇ ಒಂದು ಮಾತಿಗೆ ಇಳಿದಿದೆ: ಕಪ್ಪ ಕೊಡುವುದಿಲ್ಲ ಎಂಬ ರಾಣಿಯ ಗುಡುಗು. ನಾಡಿನ ಮಕ್ಕಳೆಲ್ಲ ಬಾಯಿಪಾಠ ಮಾಡಿರುವ ಆ ಸಂಭಾಷಣೆ ರಂಗಕ್ಕೆ ಬಲು ಚೆನ್ನ. ದಾಖಲೆ ಅಷ್ಟು ಚೆನ್ನಾಗಿಲ್ಲ. ಕಿತ್ತೂರು ಕಂಪನಿಯ ಸನದು ಪಡೆದು ವರ್ಷವರ್ಷ ಪೊಗದಿ ಕಟ್ಟುತ್ತಿದ್ದ ಸಂಸ್ಥಾನ. ಪೇಶ್ವೆಯ ವಿರುದ್ಧ 1818ರಲ್ಲಿ ಕಂಪನಿಯ ಕಡೆ ನಿಂತದ್ದಕ್ಕೇ ಆ ಸನದು ಸಿಕ್ಕಿದ್ದು. ಗೆಳೆಯನೇ ಆರು ವರ್ಷದಲ್ಲಿ ಮನೆಯ ಖಜಾನೆಗೆ ಬೀಗ ಹಾಕಿದ ಎಂಬುದು ಕಪ್ಪದ ಕಥೆಗಿಂತ ಹೆಚ್ಚು ಕಹಿಯಾದ, ಹೆಚ್ಚು ಬುದ್ಧಿ ಕಲಿಸುವ ಕಥೆ. ಅದನ್ನೇ ನಾವು ಬಿಟ್ಟುಬಿಟ್ಟಿದ್ದೇವೆ.

ಅದೇ 1818ರ ಯುದ್ಧದ ಇನ್ನೊಂದು ನೆನಪು ಪುಣೆ ಬಳಿಯ ಭೀಮಾ ಕೋರೆಗಾಂವ್‌ನಲ್ಲಿದೆ. ಅಲ್ಲಿ ಯಾರೂ ವೇಷ ಹಾಕುವುದಿಲ್ಲ, ಕತ್ತಿ ಝಳಪಿಸುವುದಿಲ್ಲ. ಕಂಪನಿ ತನ್ನ ಸೈನಿಕರಿಗಾಗಿ ಎಬ್ಬಿಸಿದ ಕಲ್ಲುಕಂಬದ ಬಳಿಗೆ ಜನವರಿ 1ರಂದು ಜನ ಹೋಗುತ್ತಾರೆ, ಅಷ್ಟೆ. 1927ರಲ್ಲಿ ಅಂಬೇಡ್ಕರ್ ಅಲ್ಲಿಗೆ ಹೋದಮೇಲೆ ಅದು ಕಂಪನಿಯ ಸ್ಮಾರಕವಾಗಿ ಉಳಿಯಲಿಲ್ಲ. ಆ ಪಡೆಯಲ್ಲಿ ಹೋರಾಡಿದ ಮಹಾರ್ ಸೈನಿಕರ, ಅವರ ಮೂಲಕ ಇಡೀ ದಲಿತ ಸಮುದಾಯದ ಸ್ವಾಭಿಮಾನದ ಜಾಗವಾಯಿತು. ಹೀಗೆ ಒಂದೇ ಯುದ್ಧದಲ್ಲಿ ಕಂಪನಿಯ ಕಡೆ ಇದ್ದ ಇಬ್ಬರ ನೆನಪುಗಳು ಎರಡು ದಿಕ್ಕಿಗೆ ಹರಿದಿವೆ. ಒಬ್ಬರದು ಕಂಪನಿಯ ವಿರುದ್ಧದ ಕ್ರಾಂತಿಯ ಕಥೆಯಾಯಿತು, ಇನ್ನೊಬ್ಬರದು ಪೇಶ್ವಾಯಿಯ ಜಾತಿಪದ್ಧತಿಯ ವಿರುದ್ಧದ ಕಥೆ. ವೀರರು ಯಾರು, ವೈರಿಗಳು ಯಾರು ಎಂಬ ರಂಗಸಜ್ಜಿಕೆಯ ಸರಳ ವಿಂಗಡಣೆ 1818ರ ಮುಂದೆ ನಿಲ್ಲುವುದಿಲ್ಲ.

ಇನ್ನು ಡಿಸೆಂಬರ್. ಅದನ್ನು ಜನ ಮರೆತಿದ್ದಾರೆ ಎನ್ನಲಾಗದು; ಆದರೆ ನೆನೆಯುವ ಬಗೆ ವಿಚಿತ್ರ. ಕೋಟೆ ಬಿದ್ದದ್ದೇಕೆ ಎಂದು ಕೇಳಿದರೆ ತಟ್ಟನೆ ಬರುವ ಉತ್ತರ: ಒಳಗಿನವರ ದ್ರೋಹ, ಮದ್ದಿಗೆ ಸಗಣಿ ಬೆರೆಸಿದರು. ದ್ರೋಹ ನಡೆದಿರಬಹುದು, ಯಾವ ಮುತ್ತಿಗೆಯಲ್ಲಿ ನಡೆದಿಲ್ಲ? ಆದರೆ ಕಂಪನಿ ತನ್ನ ಬೇರೆಬೇರೆ ನೆಲೆಗಳಿಂದ ಪಡೆಗಳನ್ನೂ ತೋಪುಗಳನ್ನೂ ತಂದು ಕೋಟೆಯ ಸುತ್ತ ಜಮಾಯಿಸಿತ್ತು. ದಖ್ಖನಿನ ಕಮಿಷನರ್ ಚಾಪ್ಲಿನ್ ಒಂದು ಕಡೆ ಮಾತುಕತೆ ನಡೆಸುತ್ತ ಇನ್ನೊಂದು ಕಡೆ ಸೈನ್ಯ ಕೂಡಿಸಿದ. ಸೆರೆಯಾಳುಗಳನ್ನು ಬಿಟ್ಟರೆ ಯುದ್ಧ ತಪ್ಪೀತು ಎಂಬ ನಂಬಿಕೆಯಲ್ಲಿ ಕಿತ್ತೂರು ಎಲಿಯಟ್ ಮತ್ತು ಸ್ಟೀವನ್‌ಸನ್ನರನ್ನು ಬಿಟ್ಟುಕೊಟ್ಟಿತು, ಮುತ್ತಿಗೆ ನಿಲ್ಲಲಿಲ್ಲ. ಸೋಲಿಗೆ ಒಬ್ಬ ದ್ರೋಹಿ ಸಿಕ್ಕಿಬಿಟ್ಟರೆ ಈ ಯಾವುದನ್ನೂ ಯೋಚಿಸುವ ಅಗತ್ಯ ಬೀಳುವುದಿಲ್ಲ. ಸಾಮ್ರಾಜ್ಯವೊಂದು ಹೇಗೆ ಕೆಲಸ ಮಾಡುತ್ತದೆ, ಮಾತುಕತೆಯನ್ನು ಹೇಗೆ ಆಯುಧವಾಗಿ ಬಳಸುತ್ತದೆ ಎಂಬುದನ್ನು ಕಿತ್ತೂರಿನಷ್ಟು ಚೊಕ್ಕಟವಾಗಿ ತೋರಿಸುವ ಪ್ರಸಂಗ ನಮ್ಮಲ್ಲಿ ಕಡಿಮೆ.

(ಅಂದಹಾಗೆ, ಆ ಎಲಿಯಟ್ ಮುಂದೆ ಸರ್ ವಾಲ್ಟರ್ ಎಲಿಯಟ್ ಆದ. ಇದೇ ಸೀಮೆಯಲ್ಲಿ ಸುತ್ತಾಡಿ ಕನ್ನಡ ಶಾಸನಗಳ ನೂರಾರು ನಕಲುಗಳನ್ನು ಮಾಡಿಸಿದ. ಚಾಲುಕ್ಯರ ಚರಿತ್ರೆ ಬರೆಯಲು ಹೊರಟವರಿಗೆ ಅವನ ಸಂಗ್ರಹ ಮೊದಲ ಆಧಾರಗಳಲ್ಲೊಂದಾಯಿತು. ಕಿತ್ತೂರಿನ ಸೆರೆಯಾಳು ಕರ್ನಾಟಕದ ಇತಿಹಾಸಕ್ಕೆ ಉಪಕಾರ ಮಾಡಿದ ಈ ಸಂಗತಿಗೆ ಯಾವ ರೂಪಕದಲ್ಲೂ ಜಾಗವಿಲ್ಲ.)

ಸೋಲನ್ನು ಆಡಿ ತೋರಿಸುವುದು ಆಗದ ಮಾತು ಎನ್ನುವವರು ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಕಡೆ ನೋಡಬಹುದು. 1066ರ ಅಕ್ಟೋಬರ್ 14ರಂದು ನಾರ್ಮಂಡಿಯ ವಿಲಿಯಂ ಇಂಗ್ಲಿಷ್ ದೊರೆ ಹೆರಾಲ್ಡ್‌ನನ್ನು ಕೊಂದು ದೇಶವನ್ನು ಗೆದ್ದ. ಆ ಜಾಗದಲ್ಲಿ ಗೆದ್ದವನು ಕಟ್ಟಿಸಿದ ಬ್ಯಾಟಲ್ ಅಬೆ ಎಂಬ ಮಠವಿದೆ. ಅದರ ಬಯಲಿನಲ್ಲಿ ಹೆಚ್ಚುಕಡಿಮೆ ಪ್ರತಿ ಅಕ್ಟೋಬರ್‌ನಲ್ಲೂ ಇಂಗ್ಲಿಷ್ ಹೆರಿಟೇಜ್ ಸಂಸ್ಥೆ ಹೇಸ್ಟಿಂಗ್ಸ್ ಕದನವನ್ನು ಮರಳಿ ನಡೆಸುತ್ತದೆ. ಗುರಾಣಿಗೆ ಗುರಾಣಿ ತಾಗಿಸಿ ದಿಬ್ಬದ ಮೇಲೆ ನಿಲ್ಲುವ ಇಂಗ್ಲಿಷ್ ಪಡೆ, ಸೋತು ಓಡಿದಂತೆ ನಟಿಸಿ ತಿರುಗಿ ಬೀಳುವ ನಾರ್ಮನ್ ಕುದುರೆ ಸವಾರರು. ಪ್ರೇಕ್ಷಕರು ಹೆರಾಲ್ಡ್‌ನ ಪರವಾಗಿ ಕೂಗುತ್ತಾರೆ. ಹೆರಾಲ್ಡ್ ಪ್ರತಿ ಬಾರಿಯೂ ಸಾಯುತ್ತಾನೆ. ತನ್ನ ದೊರೆ ಸೋತ ದಿನವನ್ನೇ ಒಂದು ದೇಶ ಹಬ್ಬ ಮಾಡಿಕೊಂಡಿದೆ.

ಅಲ್ಲೂ ಕತ್ತರಿ ಬಿದ್ದಿಲ್ಲವೆಂದಲ್ಲ. ಮೂರು ವರ್ಷದ ಮೇಲೆ, 1069–70ರ ಚಳಿಗಾಲದಲ್ಲಿ, ದಂಗೆ ಅಡಗಿಸಲೆಂದು ವಿಲಿಯಂ ಉತ್ತರ ಇಂಗ್ಲೆಂಡಿನ ಊರುಗಳನ್ನೂ ಪೈರನ್ನೂ ಸುಡಿಸಿದ. ಜನ ಹಸಿವಿನಿಂದ ಸತ್ತರು. 1086ರ ಡೂಮ್ಸ್‌ಡೇ ಭೂದಾಖಲೆಯಲ್ಲಿ ಯಾರ್ಕ್‌ಷೈರಿನ ಎಷ್ಟೋ ಹಳ್ಳಿಗಳ ಮುಂದೆ ಪಾಳು ಎಂದೇ ಬರೆದಿದೆ. ಅದನ್ನು ಯಾರೂ ಆಡಿ ತೋರಿಸುವುದಿಲ್ಲ, ತೋರಿಸಲೂ ಬಾರದು. ಹಸಿವಿಗೆ ಪ್ರೇಕ್ಷಕರ ಗ್ಯಾಲರಿ ಕಟ್ಟಲಾಗುವುದಿಲ್ಲ.

ಅಮೆರಿಕದ ಗೆಟಿಸ್‌ಬರ್ಗ್ ಇನ್ನೂ ಸೂಕ್ಷ್ಮದ ಪ್ರಕರಣ. 1863ರ ಜುಲೈ 1ರಿಂದ 3ರವರೆಗೆ ಅಂತರ್ಯುದ್ಧದ ಭೀಕರ ಕದನ ನಡೆದ ಆ ಊರಿನಲ್ಲಿ, 50 ವರ್ಷದ ನಂತರ, 1913ರಲ್ಲಿ, ಎರಡೂ ಕಡೆಯ 50 ಸಾವಿರಕ್ಕೂ ಹೆಚ್ಚು ಮಾಜಿ ಸೈನಿಕರು ಸೇರಿದರು. ಹರೆಯದಲ್ಲಿ ಗುಂಡಿನ ಮಳೆಗೆ ಎದೆಯೊಡ್ಡಿ ಓಡಿದ್ದ ದಕ್ಷಿಣದವರು ಈಗ ಮುದುಕರಾಗಿ ಅದೇ ಬಯಲು ದಾಟಿ ಬಂದು, ಕಲ್ಲುಗೋಡೆಯಾಚೆ ನಿಂತಿದ್ದ ಉತ್ತರದವರ ಕೈ ಕುಲುಕಿದರು. ಕಣ್ಣು ತೇವಗೊಳಿಸುವ ದೃಶ್ಯ. ಆದರೆ ಯುದ್ಧಕ್ಕೆ ಕಾರಣವಾಗಿದ್ದ ಗುಲಾಮಗಿರಿಯ ಮಾತೇ ಅಲ್ಲಿ ಏಳಲಿಲ್ಲ. ಜುಲೈ 4ರಂದು ಅಲ್ಲಿ ಭಾಷಣ ಮಾಡಿದ ಅಧ್ಯಕ್ಷ ವುಡ್ರೊ ವಿಲ್ಸನ್ನನ ಆಡಳಿತ ಅದೇ ವರ್ಷ ಸರ್ಕಾರಿ ಕಚೇರಿಗಳಲ್ಲಿ ಕರಿಯ ನೌಕರರನ್ನು ಬೇರೆ ಕೂರಿಸತೊಡಗಿತ್ತು. ಬಿಳಿಯರು ಬಿಳಿಯರೊಡನೆ ರಾಜಿಯಾದರು. ಅದರ ಬೆಲೆ ತೆತ್ತವರು ಕರಿಯರು.

ನಂತರ ಒಂದು ಪಾಠ ಕಲಿತರು. 1961ರಲ್ಲಿ ಅಂತರ್ಯುದ್ಧದ ಶತಮಾನೋತ್ಸವದ ಭರದಲ್ಲಿ ಮನಾಸಸ್‌ನ ರಣಭೂಮಿಯಲ್ಲೇ ಅದ್ದೂರಿಯಾಗಿ ಅಣಕು ಯುದ್ಧ ನಡೆಸಿದಾಗ ಟೀಕೆಗಳು ಬಂದವು. ಇಂದು ಅಮೆರಿಕದ ರಾಷ್ಟ್ರೀಯ ಉದ್ಯಾನ ಸೇವೆಯ ಸುಪರ್ದಿಯಲ್ಲಿರುವ ರಣಭೂಮಿಗಳಲ್ಲಿ ಎದುರುಬದುರು ನಿಂತು ಗುಂಡು ಹಾರಿಸುವುದಕ್ಕೆ, ಸತ್ತಂತೆ ಬೀಳುವುದಕ್ಕೆ ಅನುಮತಿಯಿಲ್ಲ. ಬಿಡಾರ ಹೂಡಬಹುದು, ಕವಾಯತು ಮಾಡಬಹುದು, ಬಂದೂಕಿನಲ್ಲಿ ಮದ್ದು ತುಂಬುವುದು ಹೇಗೆಂದು ತೋರಿಸಬಹುದು. ಸಾವಿನ ನಟನೆ ಬೇಕೆಂದವರು ಪಕ್ಕದ ಖಾಸಗಿ ಹೊಲ ಹುಡುಕಿಕೊಳ್ಳುತ್ತಾರೆ. ನಿಜವಾಗಿ ಸತ್ತವರ ನೆಲದ ಮೇಲೆ ಸಾಯುವ ಆಟ ಬೇಡ ಎಂಬ ಈ ನಿಯಮ ನನಗೆ ಯಾವ ಸ್ಮಾರಕ ಭಾಷಣಕ್ಕಿಂತಲೂ ಗಂಭೀರವಾಗಿ ಕಾಣುತ್ತದೆ.

ನೆನೆಯುವ ವಿಧಾನಕ್ಕಾಗಿ ಅಷ್ಟು ದೂರ ಹೋಗಬೇಕೆಂದೇನೂ ಇಲ್ಲ. ಕನ್ನಡ ನಾಡಿನಲ್ಲಿ ಸಾವಿರಾರು ವೀರಗಲ್ಲುಗಳಿವೆ. ಅವು ನೆನೆಯುವುದು ಗೆದ್ದವನನ್ನಲ್ಲ, ಸತ್ತವನನ್ನು. ಬೆಂಗಳೂರು ಎಂಬ ಹೆಸರನ್ನು ನಮಗೆ ಮೊದಲು ತಿಳಿಸುವ, ಸುಮಾರು ಕ್ರಿ.ಶ. 900ರ ಬೇಗೂರಿನ ಕಲ್ಲೂ ಒಂದು ಕಾಳಗದಲ್ಲಿ ಮಡಿದವನ ನೆನಪೇ. ತುರುಗಳನ್ನು ಕಾಯಲು ಹೋಗಿ ಸತ್ತವನಿಗೂ ಕಲ್ಲಿದೆ, ಹಂದಿಯ ಜೊತೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೂ ಆತಕೂರಿನಲ್ಲಿ ಕಲ್ಲು ನಿಂತಿತು. ಕಲ್ಲು ನಿಲ್ಲಿಸಿ ಕೈ ತೊಳೆದುಕೊಳ್ಳುವ ಪದ್ಧತಿಯೂ ಅಲ್ಲ ಅದು. ಸತ್ತವನ ಮನೆಯವರಿಗೆ ನೆತ್ತರುಕೊಡಗೆಯೆಂದು ಹೊಲ ಬಿಟ್ಟುಕೊಡುತ್ತಿದ್ದರು. ನೆನಪಿಗೂ ನೆಲಕ್ಕೂ ಅಲ್ಲಿ ಗಂಟು ಬಿದ್ದಿತ್ತು.

ಆ ಗಂಟನ್ನು ಕಂಪನಿ ಬಿಚ್ಚಿದ್ದು ಡಿಸೆಂಬರ್ 1824ರ ನಂತರವೇ. ಸಂಗೊಳ್ಳಿಯ ರಾಯಣ್ಣನ ಮನೆತನಕ್ಕಿದ್ದದ್ದು ಅಂಥದ್ದೇ ರಕ್ತಮಾನ್ಯದ ಹೊಲ. ಕಿತ್ತೂರು ಬಿದ್ದಮೇಲೆ ಮಾನ್ಯದ ಭೂಮಿಗಳ ಮೇಲೆ ಕಂಪನಿಯ ಕಣ್ಣು ಬಿತ್ತು. ಅವನ ಹೊಲಕ್ಕೂ ಕುತ್ತು ಬಂತು. 1829–30ರಲ್ಲಿ ಅವನು ಕಟ್ಟಿದ ಪಡೆಯ ಗುರಿ ಬರೀ ಬಿಳಿಯ ಸಿಪಾಯಿಗಳಾಗಿರಲಿಲ್ಲ. ಬೀಡಿಯ ಕಚೇರಿಗೆ ಬೆಂಕಿ ಇಟ್ಟು ಕಾಗದಪತ್ರ ಸುಟ್ಟರು. ಸಂಪಗಾವಿಯ ಕಚೇರಿಯ ಮೇಲೂ ಬಿದ್ದರು. ಯಾವ ಕಾಗದ ತನ್ನ ಹೊಲವನ್ನು ಕಿತ್ತುಕೊಂಡಿತೋ ಆ ಕಾಗದದ ಮೇಲೆ ಮಾಡಿದ ಯುದ್ಧ ಅದು. ಅಕ್ಟೋಬರ್ ಒಂದನ್ನೇ ನೋಡುವವರಿಗೆ ರಾಯಣ್ಣ ರಾಣಿಯ ಬಲಗೈ ಬಂಟನಾಗಿ ಮಾತ್ರ ಕಾಣುತ್ತಾನೆ. ಡಿಸೆಂಬರ್ ಮೂಲಕ ನೋಡಿದರೆ ಉತ್ತರ ಕರ್ನಾಟಕದ ರೈತ ದಂಗೆಗಳ ಮೊದಲ ದೊಡ್ಡ ನಾಯಕ. 1831ರ ಜನವರಿಯಲ್ಲಿ ಅವನನ್ನು ಗಲ್ಲಿಗೇರಿಸಿದ ನಂದಗಡದಲ್ಲಿ ಸಮಾಧಿಯ ಮರಕ್ಕೆ ಮಕ್ಕಳಿಲ್ಲದವರು ಈಗಲೂ ತೊಟ್ಟಿಲು ಕಟ್ಟುತ್ತಾರೆ. ಸೋತು ಸತ್ತವನನ್ನು ನೆನೆಯಲು ಜನಕ್ಕೆ ಸರ್ಕಾರದ ಆದೇಶ ಬೇಕಾಗಲಿಲ್ಲ.

ಸರ್ಕಾರದ ಒಲವು ಬೇರೆ ಕಡೆ. ಕಿತ್ತೂರಿನ ಅರಮನೆಯ ಪ್ರತಿರೂಪ ಕಟ್ಟುವ ಯೋಜನೆ ಬಂದಾಗ 2022ರಲ್ಲಿ ಎದ್ದ ಜಗಳ, ಅದನ್ನು ಎಲ್ಲಿ ಕಟ್ಟಬೇಕು ಎಂಬುದರ ಮೇಲೆ. ಕಟ್ಟಬೇಕೇ ಎಂದು ಕೇಳಿದವರು ವಿರಳ. ಕೋಟೆಯೊಳಗೆ ಮುರಿದು ನಿಂತಿರುವ ಗೋಡೆಗಳು ಡಿಸೆಂಬರ್‌ನ ಸಾಕ್ಷಿಗಳು. ಹೊಸ ಅರಮನೆ ಆ ಸಾಕ್ಷಿಯನ್ನು ಪಕ್ಕಕ್ಕೆ ಸರಿಸಿ ಸೋಲೇ ನಡೆದಿಲ್ಲವೆಂಬಂತೆ ನಿಲ್ಲುತ್ತದೆ. ಪ್ರವಾಸಿಗರು ಬರುತ್ತಾರೆ, ವ್ಯಾಪಾರವಾಗುತ್ತದೆ ಎಂಬ ವಾದದಲ್ಲಿ ಹುರುಳಿದೆ, ಒಪ್ಪೋಣ. ಹಾಗೆಂದು ಇದ್ದ ಗೋಡೆ ಮಳೆಗೆ ಕುಸಿಯಲು ಬಿಟ್ಟು ಹೊಸದನ್ನು ಎಬ್ಬಿಸುವುದು ಯಾವ ಲೆಕ್ಕ?

ಉತ್ಸವ ಬೇಡ, ಪಾಠ ಬೇಕು ಎಂದು ಹೇಳಿದರೆ ಜನ ನಗುತ್ತಾರೆ, ನಗಬೇಕಾದ್ದೇ. ಮೂರು ದಿನದ ಕುಸ್ತಿ, ಹಾಡು, ಮೆರವಣಿಗೆ ಹಾಗೇ ಇರಲಿ; ಥ್ಯಾಕರೆಯೂ ಬೀಳಲಿ. ಕೇಳುತ್ತಿರುವುದು ಡಿಸೆಂಬರ್‌ನಲ್ಲಿ ಒಂದೇ ಒಂದು ದಿನ. ಅಂದು ವೇಷವಿಲ್ಲ, ವಿಐಪಿ ವೇದಿಕೆಯಿಲ್ಲ. ಕಂಪನಿ ತನ್ನ ಕಡೆ ಸತ್ತ ಅಧಿಕಾರಿಗಳ ಹೆಸರನ್ನು ಜೋಪಾನವಾಗಿ ಬರೆದಿಟ್ಟುಕೊಂಡಿತು. ಥ್ಯಾಕರೆಗೆ ಧಾರವಾಡದಲ್ಲಿ ಸ್ಮಾರಕ ಸ್ತಂಭವೂ ಆಯಿತು. ಕಿತ್ತೂರಿನ ಕಡೆ ಸತ್ತವರಲ್ಲಿ ನಾಯಕರ ಹೆಸರು ಬಿಟ್ಟರೆ ಉಳಿದವರದು ಊರೂರುಗಳ ಮನೆತನದ ಮಾತಿನಲ್ಲಿ, ಲಾವಣಿಯ ನುಡಿಗಳಲ್ಲಿ ಚದುರಿದೆ. ಅದನ್ನು ಊರುವಾರು ಕೂಡಿಸಿ, ಆಯಾ ಊರಿನವರೇ ಕೋಟೆಯ ಬಾಗಿಲಲ್ಲಿ ನಿಂತು ಓದಬಹುದು. ಸದಾಶಿವ ಒಡೆಯರ, ಎಂ.ಎಂ. ಕಲಬುರ್ಗಿಯವರಂಥ ವಿದ್ವಾಂಸರು ಕಿತ್ತೂರಿನ ಇತಿಹಾಸ, ಸಾಹಿತ್ಯಗಳ ಮೇಲೆ ಮಾಡಿಕೊಟ್ಟ ಕೆಲಸ ಕೈಯಳತೆಯಲ್ಲಿದೆ. ಅದನ್ನು ಮುಂದುವರಿಸಲು ಬೆಳಗಾವಿಯಲ್ಲಿ ಚನ್ನಮ್ಮನ ಹೆಸರಿನ ವಿಶ್ವವಿದ್ಯಾಲಯವೇ ಇದೆ. ಕಂಪನಿಯ ಪತ್ರವ್ಯವಹಾರ ಮುಂಬೈ ಮತ್ತು ಲಂಡನ್ನಿನ ದಫ್ತರಗಳಲ್ಲಿದ್ದು, ಅದು ಕನ್ನಡಕ್ಕೆ ಬಂದರೆ ಸೆಪ್ಟೆಂಬರ್‌ನ ದತ್ತಕದ ಜಗಳವೂ ಚಾಪ್ಲಿನ್ನನ ಮಾತುಕತೆಯೂ ಕಿತ್ತೂರಿನ ಶಾಲೆಯ ಮಕ್ಕಳ ಕೈಗೆ ಸಿಗುತ್ತವೆ.

ಇದಕ್ಕೆ ತಕ್ಕ ಗಡುವೂ ಹತ್ತಿರವಿದೆ. 2029ರ ಫೆಬ್ರವರಿಗೆ ಚನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡು 200 ವರ್ಷ. 2031ರ ಜನವರಿಗೆ ರಾಯಣ್ಣನನ್ನು ಗಲ್ಲಿಗೇರಿಸಿ 200 ವರ್ಷ. ಎರಡೂ ವಿಜಯೋತ್ಸವ ಮಾಡಲು ಬಾರದ ದಿನಗಳು. ಅವಕ್ಕೆ ಏನು ಮಾಡಬೇಕೆಂದು ಜಿಲ್ಲಾಡಳಿತ ಮತ್ತು ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಮುಂದಿನ ಅಕ್ಟೋಬರ್‌ನ ಪೂರ್ವಭಾವಿ ಸಭೆಯಲ್ಲೇ ಯೋಚಿಸಲು ಶುರುಮಾಡಿದರೆ ದಾಖಲೆ ತರಿಸಿ ಓದುವಷ್ಟು ಸಮಯವಾದರೂ ಸಿಕ್ಕೀತು.